ಎಲೆ ಎಳೆದ ಮರಿಗೆ ಒಂದು ವರ್ಷದ ಗಡುವು

ಶ್ರಾವಣದ ಒಂದು ಸೋಮವಾರ ಜಂಗಮ ಅಯ್ಯನವರನ್ನು ಮನೆಗೆ ಕರೆದು, ಪಾದಪೂಜೆ ಮಾಡಿ, ಊಟಕ್ಕೆ ಕೂರಿಸುವುದು ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ನಡೆದುಬಂದದ್ದು. ಆ ವರ್ಷ ಐದು ಜನ ಬಂದಿದ್ದರು. ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದರು. ಹೋಳಿಗೆಯ ಮೇಲೆ ತುಪ್ಪ ಬಿದ್ದಿತ್ತು. ಹಿರಿಯ ಅಯ್ಯನವರು ಮೊದಲ ತುತ್ತು ಎತ್ತುವ ಹೊತ್ತಿಗೆ ಎರಡು ತಿಂಗಳ ನನ್ನ ನಾಯಿಮರಿ ಹಿತ್ತಲ ಬಾಗಿಲಿಂದ ನುಗ್ಗಿ, ಸಾಲಿನ ಕೊನೆಯವರ ಬಾಳೆಎಲೆಯ ತುದಿ ಕಚ್ಚಿ, ಹೋಳಿಗೆ, ಕೋಸಂಬರಿ, ಚಿತ್ರಾನ್ನ ಸಮೇತ ಅದನ್ನು ಅಂಗಳದ ತನಕ ಎಳೆದುಕೊಂಡು ಹೋಯಿತು.

ಪಂಕ್ತಿಯಲ್ಲಿ ಒಂದು ಎಲೆ ಹೋದರೆ ಎಲ್ಲರೂ ಏಳಬೇಕು. ಎದ್ದರು. ಹಿರಿಯರು ನಗುತ್ತಲೇ ಕೈ ತೊಳೆದುಕೊಂಡು, "ಮರಿ ಅದು, ಅದಕ್ಕೇನ್ ತಿಳಿತೈತೆ ಬಿಡ್ರಿ" ಎಂದರು. ಮತ್ತೆ ಎಲೆ ಹಾಕಿಸುತ್ತೇವೆಂದರೂ ಕೂಡಲಿಲ್ಲ. ಹಾಲು, ಬಾಳೆಹಣ್ಣು ತೆಗೆದುಕೊಂಡು ಹೊರಟರು. ಅಪ್ಪಾಜಿ ಅವರನ್ನು ಗೇಟಿನವರೆಗೆ ಕಳಿಸಿ ಬಂದರು. ಬಂದವರು ನನ್ನ ಕಡೆ ನೋಡದೆ, ಮರಿಯ ಕಡೆಯೂ ನೋಡದೆ, ಖಾಲಿ ಪಡಸಾಲೆಗೆ ಹೇಳಿದರು:

"ಬರೋ ಶ್ರಾವಣದೊಳಗ ಇದು ಮನ್ಯಾಗ ಇರೋದು ಕಲೀಬೇಕು. ಅಯ್ಯನೋರು ಉಂಡು ಏಳೋ ತನಕ ಹೊಸ್ತಿಲ ಹೊರಗ ಕೂಡ್ರಬೇಕು. ಆಗಲಿಲ್ಲ ಅಂದ್ರ ಅವತ್ತೇ ನಿಮ್ಮ ಮಾವನ ಶೆಡ್ಡಿಗೆ. ಸರಪಳಿ ಹಾಕಿ ಕಟ್ಟಿದ್ರ ಕಾವಲಿಗಾದ್ರೂ ಬರ್ತೈತೆ."

ಮಾವ ಎಂದರೆ ಅಮ್ಮನ ತಮ್ಮ. ಹರಿಹರದಲ್ಲಿ ಮನೆ, ಅಲ್ಲೇ ಪಕ್ಕದ ಗುತ್ತೂರಿನಲ್ಲಿ ಲೇತ್ ಮಷಿನ್ನಿನ ಒಂದು ಸಣ್ಣ ಶೆಡ್ಡು. ಮರಿ ಹುಟ್ಟಿದ್ದು ಅಲ್ಲೇ, ಕಬ್ಬಿಣದ ಚೂರು ತುಂಬಿದ ಚೀಲಗಳ ಹಿಂದೆ. ಅದನ್ನು ಜರ್ಕಿನ್ನಿನೊಳಗೆ ಇಟ್ಟುಕೊಂಡು ಬೈಕಿನಲ್ಲಿ ದಾವಣಗೆರೆಗೆ ತಂದವನು ನಾನು. ತರುವ ದಿನ ಆ ಶೆಡ್ಡಿನ ಕಾವಲು ನಾಯಿಯನ್ನೂ ನೋಡಿದ್ದೆ. ಕಂಬಕ್ಕೆ ಕಟ್ಟಿದ ಸರಪಳಿ ಎಷ್ಟು ಉದ್ದವೋ ಅಷ್ಟಕ್ಕೆ ಸರಿಯಾಗಿ ಅದು ಸುತ್ತಿ ಸುತ್ತಿ ನೆಲದಲ್ಲಿ ಒಂದು ಗುಂಡನೆಯ ಕಾಲುದಾರಿ ಸವೆದಿತ್ತು. ಒಳಗಡೆ ಹುಲ್ಲಿಲ್ಲ, ಹೊರಗಡೆ ಹುಲ್ಲು. ನನ್ನ ಮರಿ ಆ ವೃತ್ತದೊಳಗೆ ಹೋಗಕೂಡದು. ಅವತ್ತು ನಾನು ತೀರ್ಮಾನಿಸಿದ್ದು ಅಷ್ಟೇ. ಬಿ.ಕಾಂ. ಪಾಸಾಗುವುದಕ್ಕೂ ನಾನು ಅಷ್ಟು ಗಟ್ಟಿಯಾಗಿ ತೀರ್ಮಾನ ಮಾಡಿರಲಿಲ್ಲ. ಪರೀಕ್ಷೆಗೆ ಎರಡು ಸಲ ಕಟ್ಟಿದ್ದೇ ಅದಕ್ಕೆ ಸಾಕ್ಷಿ.

ನನ್ನ ಬಗ್ಗೆ ಇಷ್ಟು ಹೇಳಿಬಿಡುತ್ತೇನೆ. ಅಪ್ಪಾಜಿಯ ಪಂಪ್‌ಸೆಟ್ ಬಿಡಿಭಾಗದ ಅಂಗಡಿಯಲ್ಲಿ ಕೂಡುತ್ತೇನೆ. ನಮ್ಮ ಬಡಾವಣೆ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ನನ್ನನ್ನು ಗುರುತಿಸುವುದು ಆ ಕೆಲಸದಿಂದಲ್ಲ, ಬೇರೆಯವರ ದನಿಯಿಂದ. ಅಪ್ಪಾಜಿ ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಅಜ್ಜಿ ಮೂಗಿನಲ್ಲಿ ಎಳೆಯುವುದು, ಹರಿಹರ ಬಸ್ಸಿನ ಕಂಡಕ್ಟರು ಒಂದೇ ಉಸಿರಿನಲ್ಲಿ ಆರು ಸ್ಟಾಪು ನುಂಗುವುದು, ಎದುರು ಮನೆಯ ನಿವೃತ್ತ ಮೇಷ್ಟ್ರು ಕೊತ್ತಂಬರಿ ಸೊಪ್ಪಿಗೂ ವ್ಯಾಕರಣ ಹೇಳುವುದು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇವೆ. "ನಿನ್ನ ದನಿ ಒಂದು ಮಾಡಿ ತೋರ್ಸು ನೋಡೋಣ" ಎಂದು ಅಮ್ಮ ಒಮ್ಮೆ ಕೇಳಿದ್ದಳು. ಹಲ್ಲು ಕಿಸಿದು ತಪ್ಪಿಸಿಕೊಂಡಿದ್ದೆ.

ಪಾಠ ಶುರುವಾಯಿತು. ಪಶುವೈದ್ಯರು, "ಹೇಳಿದ ಮಾತು ಕೇಳಿದ ಕೂಡಲೇ ಬಾಯಿಗೆ ಒಂದು ಚೂರು ಏನಾದ್ರೂ ಕೊಡ್ರಿ, ಬೇಯಿಸಿದ ಮೊಟ್ಟೆ ಆದ್ರೆ ಚಲೋ" ಎಂದರು. ಇದನ್ನು ಮನೆಯಲ್ಲಿ ಹೇಳಿದ್ದು ನನ್ನ ತಪ್ಪು.

"ಲಿಂಗಪೂಜಿ ಮಾಡೋ ಮನಿ ಇದು" ಅಂದಳು ಅಜ್ಜಿ. "ಮೊಟ್ಟಿ ಈ ಗೇಟು ಒಳಗ ಬಂತು ಅಂದ್ರ ನಾನು ಗೇಟು ಹೊರಗ."

"ಎಲ್ಲಿಗೆ ಹೋಗ್ತಿ ಅಜ್ಜಿ?"

"ನಿನಗ ಹೆಣ್ಣು ನೋಡಾಕ. ಯಾರೂ ಕೊಡಂಗಿಲ್ಲ, ಹಂಗಾಗಿ ವಾಪಸ್ ಬರೋದು ತಡ ಆಗ್ತೈತೆ."

ಹೀಗಾಗಿ ಮಂಡಕ್ಕಿ. ನಮ್ಮೂರಲ್ಲಿ ಯಾವ ಸಮಸ್ಯೆಗೂ ಕೊನೆಗೆ ಅದೇ ಉತ್ತರ. ಬೆರಳಿಗೆ ಸ್ವಲ್ಪ ಬೆಣ್ಣೆ ಸವರಿಕೊಂಡು ಮಂಡಕ್ಕಿಯ ಮೇಲೆ ಆಡಿಸಿದರೆ ಮರಿ ಕಣ್ಣು ಮಿಟುಕಿಸದೆ ನೋಡುತ್ತಿತ್ತು. ನನ್ನ ಪ್ಯಾಂಟಿನ ಎಲ್ಲ ಜೇಬುಗಳಲ್ಲೂ ಮಂಡಕ್ಕಿ. ಅಂಗಡಿಯಲ್ಲಿ ಬಗ್ಗಿದರೆ ಕೌಂಟರಿನ ಮೇಲೆ ಉದುರುತ್ತಿತ್ತು. ಕುಕ್ಕುವಾಡದಿಂದ ಬಂದ ಒಬ್ಬ ರೈತರು ವಾಷರಿನ ಜೊತೆ ಅದನ್ನೂ ಎಣಿಸಿ, "ಇದು ಯಾವ ಪಂಪಿಗೆ ಬರ್ತೈತ್ರಿ ತಮ್ಮಾ?" ಎಂದು ಕೇಳಿದರು.

ಹದಿನೈದು ದಿನ "ಕೂಡ್ರು, ಕೂಡ್ರು" ಎಂದೆ. ಮರಿ ನನ್ನ ಪ್ಯಾಂಟಿನ ತುದಿ ಹಿಡಿದು ಜಗ್ಗುತ್ತಿತ್ತು. ನಾನು ಹೇಳಿದಷ್ಟೂ ಅದಕ್ಕೆ ಆಟ. ಹದಿನಾರನೆಯ ದಿನ ರೋಸಿಹೋಗಿ ಅಪ್ಪಾಜಿಯ ಹಾಗೆ ಗಂಟಲು ಸರಿಮಾಡಿಕೊಂಡು, "ಹ್ಹುಂ... ಕೂಡ್ರಲೇ!" ಎಂದೆ. ಮರಿ ದಬಕ್ಕನೆ ಕೂತಿತು. ಸುತ್ತ ನೋಡಿತು. ನಾನೂ ನೋಡಿದೆ. ಅಪ್ಪಾಜಿ ಅಂಗಡಿಯಲ್ಲಿದ್ದರು.

ಇನ್ನು ಕೇಳಬೇಕೆ? ಕೂಡಲು ಅಪ್ಪಾಜಿಯ ದನಿ, ಬಾಯಲ್ಲಿ ಇರುವುದನ್ನು ಬಿಡಲು ಅಮ್ಮನ ದನಿ, ಕರೆಯಲು ಅಜ್ಜಿಯ ದನಿ, "ಬಾ ನನ್ ಕಂದಾ" ಎಂದು ಮೂಗಿನಲ್ಲಿ ಎಳೆದು. ಐದು ತಿಂಗಳಿಗೆ ಮರಿ ಎಲ್ಲ ಕಲಿತಿತ್ತು. ಸಂಜೆ ಬಡಾವಣೆಯ ಹುಡುಗರೆಲ್ಲ ನೋಡಲು ನಿಲ್ಲುತ್ತಿದ್ದರು. ನಾನೇ ಮೂರು ಜನ, ನಾಯಿ ನಾಲ್ಕನೆಯದು. ಪೂರ್ತಿ ನಾಟಕ ಕಂಪನಿ. ಅಪ್ಪಾಜಿಗೆ ಸಂಗತಿ ಗೊತ್ತಾದಾಗ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮೀಸೆಯಡಿ ನಕ್ಕು, "ಮತ್ತೇನು! ಈ ಮನ್ಯಾಗ ನಾಯಿಗಾದ್ರೂ ನನ್ನ ಮಾತು ತಿಳಿತೈತಲ್ಲ" ಎಂದರು.

ಎಡವಟ್ಟು ತಿಳಿದದ್ದು ಚಳಿಗಾಲದಲ್ಲಿ. ಅಪ್ಪಾಜಿಗೆ ನೆಗಡಿ ಆಯಿತು. ಬೆಳಿಗ್ಗೆ ಪೇಪರು ಓದುತ್ತ ಗಂಟಲು ಸರಿಮಾಡಿಕೊಂಡರೆ ಅಂಗಳದಲ್ಲಿ ಮರಿ ಕೂಡುತ್ತಿತ್ತು. ಮತ್ತೊಮ್ಮೆ ಕೆಮ್ಮಿದರೆ ಎದ್ದು ಮತ್ತೆ ಕೂಡುತ್ತಿತ್ತು. ಮಂಡಕ್ಕಿ ಮಾತ್ರ ಬರುತ್ತಿರಲಿಲ್ಲ. ನೆಗಡಿ ಹೋಗಲು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಮರಿ ಆ ಸದ್ದಿಗೆ ಕಿವಿಯನ್ನೂ ನಿಮಿರಿಸದಂತಾಯಿತು. ನಾನು ಎಷ್ಟು ಹುಂ ಎಂದರೂ ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತಿತ್ತು. ಆದರೂ ನನಗೆ ಬುದ್ಧಿ ಬರಲಿಲ್ಲ. ಒಂದು ದನಿ ಕೆಟ್ಟರೇನು, ಇನ್ನೂ ಎರಡಿವೆಯಲ್ಲ ಎಂದುಕೊಂಡೆ.

ಬುದ್ಧಿ ಬಂದದ್ದು ಹರಿಹರದಲ್ಲಿ. ಮಾಘದ ಒಂದು ಭಾನುವಾರ ಅಜ್ಜಿ ದೇವಸ್ಥಾನಕ್ಕೆ ಹೋಗಬೇಕೆಂದಳು. ಕರೆದೊಯ್ಯಲು ಬಂದ ಮಾವನ ಕಾರಿನಲ್ಲಿ ಎಲ್ಲರೂ ಹೋದೆವು, ಮರಿಯೂ ಸೇರಿ. ದರ್ಶನ ಮುಗಿಸಿ ಹೊಳೆಯ ಕಡೆ ಹೊರಟಾಗ, ಮಂಡಿನೋವಿನ ಅಜ್ಜಿ, "ನಾನು ಇಲ್ಲೇ ಕುಂದರ್ತೀನಿ" ಎಂದು ರಸ್ತೆಯ ಆಚೆ ನಿಲ್ಲಿಸಿದ್ದ ಕಾರಿನಲ್ಲೇ ಉಳಿದಳು. ಈಚೆ ದಂಡೆಯಲ್ಲಿ ನಾನು ಮರಿಯ ಹಗ್ಗ ಬಿಚ್ಚಿದೆ. ತುಂಗಭದ್ರೆ ಬತ್ತಿ ಬಂಡೆಗಳು ಕಾಣುತ್ತಿದ್ದವು. ಮರಿ ಕೊಕ್ಕರೆಗಳ ಹಿಂದೆ ಓಡಿತು, ತುಂಬ ದೂರ ಹೋಯಿತು. ಮಾವನ ಎದುರು ಸ್ವಲ್ಪ ಶೋಕಿಯನ್ನೂ ತೋರಿಸಬೇಕಿತ್ತು. ಬಾಯಿಗೆ ಕೈ ಅಡ್ಡ ಹಿಡಿದು, ಅಜ್ಜಿಯ ದನಿಯಲ್ಲಿ ಜೋರಾಗಿ ಕರೆದೆ: "ಬಾ ನನ್ ಕಂದಾ!"

ಮರಿ ತಿರುಗಿತು. ಬಾಣದ ಹಾಗೆ ಬಂತು. ನನ್ನ ಕಾಲ ಪಕ್ಕದಲ್ಲೇ ಹಾದು, ನನ್ನನ್ನು ನೋಡದೆ, ಏರಿ ಹತ್ತಿ, ರಸ್ತೆಯ ಆಚೆ ಕಾರಿನ ಕಿಟಕಿಯಲ್ಲಿ ಕಾಣುತ್ತಿದ್ದ ನಿಜವಾದ ಅಜ್ಜಿಯ ಕಡೆಗೆ ಓಡಿತು. ಎಡಗಡೆಯಿಂದ ಮರಳಿನ ಟಿಪ್ಪರು ಬರುತ್ತಿತ್ತು.

"ಏಯ್! ಏಯ್!" ಎಂದು ನಾನು ಕೂಗಿದ್ದು ಯಾರ ದನಿಯಲ್ಲೋ ನನಗೆ ಗೊತ್ತಿಲ್ಲ. ಮರಿಗೂ ಗೊತ್ತಿರಲಿಲ್ಲ, ನಿಲ್ಲಲಿಲ್ಲ. ಬ್ರೇಕಿನ ಸದ್ದು ಕೇಳಿತು, ಧೂಳು ಎದ್ದಿತು. ಧೂಳು ಇಳಿದಾಗ ಟಿಪ್ಪರು ರಸ್ತೆಗೆ ಅಡ್ಡ ನಿಂತಿತ್ತು. ಅದರ ಮುಂದಿನ ಗಾಲಿಯಿಂದ ಎರಡು ಗೇಣು ದೂರದಲ್ಲಿ ಮರಿ ಮಲಗಿ ನಡುಗುತ್ತಿತ್ತು. ಮುಂಗಾಲಿನ ಒಂದು ಉಗುರು ಕಿತ್ತು ರಕ್ತ ಬಂದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಡ್ರೈವರು ಇಳಿದು ಬಂದು ನನ್ನನ್ನೂ ಕಾರಿನಲ್ಲಿದ್ದ ಅಜ್ಜಿಯನ್ನೂ ನೋಡಿದ. "ನಾಯಿ ಯಾರ್ದಪಾ, ನಿಂದೋ ಅಮ್ಮಾರ್ದೋ?"

"ನಂದೇ."

"ನಿಂದಾಗಿದ್ರ ನಿನ್ನ ಹತ್ರ ಬರ್ಬೇಕಿತ್ತಲ್ಲ ಮಾರಾಯ!"

ಅಪ್ಪಾಜಿ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ದಾವಣಗೆರೆಗೆ ವಾಪಸು ಬರುವಾಗ ಮುಂದಿನ ಸೀಟಿನಿಂದಲೇ, ಹಿಂದೆ ತಿರುಗದೆ, ಮಾವನಿಗೆ ಹೇಳಿದರು: "ಶೆಡ್ಡಿನಾಗ ಒಂದು ಕಂಬ ಖಾಲಿ ಇಟ್ಟಿರು. ಇವನು ಮಾಡಿದ್ದು ನಾಟಕ, ಪಾಠ ಅಲ್ಲ." ಮರಿ ನನ್ನ ತೊಡೆಯ ಮೇಲೆ ಕಾಲು ನೆಕ್ಕಿಕೊಳ್ಳುತ್ತಿತ್ತು. ಅದಕ್ಕೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಆದರೆ ಡ್ರೈವರು ಹೇಳಿದ್ದು ಸರಿ. ಅದು ನೆಗಡಿಗೆ ಮುಂಚೆ ಅಪ್ಪಾಜಿಯ ಮಾತು ಕೇಳಿ ಕೂಡುತ್ತಿತ್ತು, ಅಜ್ಜಿ ಕರೆದರೆ ಬರುತ್ತಿತ್ತು, ಅಮ್ಮ ಹೇಳಿದರೆ ಬಿಡುತ್ತಿತ್ತು. ನಾನು ಎಂದರೆ ಅದಕ್ಕೆ ಮಂಡಕ್ಕಿಯ ಜೇಬು, ಅಷ್ಟೇ.

ಶ್ರಾವಣಕ್ಕೆ ಆರು ತಿಂಗಳು ಉಳಿದಿತ್ತು. ಮರುದಿನ ಬೆಳಿಗ್ಗೆ ಎದ್ದು ಎರಡು ನಿರ್ಧಾರ ಮಾಡಿದೆ. ಶ್ರಾವಣ ಮುಗಿಯುವ ತನಕ ಯಾರ ದನಿಯನ್ನೂ ತೆಗೆಯುವುದಿಲ್ಲ. ಮರಿಗೆ ಎಲ್ಲವನ್ನೂ ಮರೆಸಿ ಒಂದೇ ಮಾತು ಕಲಿಸುತ್ತೇನೆ: ತಡಿ.

ಮೊದಲನೆಯದೇ ಕಷ್ಟವಾಯಿತು. ಚಹದ ಅಂಗಡಿಯಲ್ಲಿ ಗೆಳೆಯರು, "ನಿಮ್ಮಪ್ಪಂದು ಒಂದು ಮಾಡಲೇ" ಎಂದರೆ ನಾನು ಲೋಟದೊಳಗೆ ನೋಡುತ್ತಿದ್ದೆ. "ಹುಡುಗಿ ಕೈ ಕೊಟ್ಟಾಳೇನಲೇ?" ಎಂದು ಒಬ್ಬ ಕೇಳಿದ. ನಾಯಿಗೋಸ್ಕರ ಎಂದೆ. ಹುಡುಗಿ ಎಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಮನೆಯಲ್ಲಿ ಮೂರು ದಿನ ಯಾರನ್ನೂ ಅಣಕಿಸದೆ ಊಟ ಮಾಡಿದ್ದನ್ನು ಕಂಡು ಅಮ್ಮ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ" ಎಂದಳು. ಅವಳಿಗೆ ನಿರಾಸೆಯಾದಂತಿತ್ತು.

ಬೆಳಿಗ್ಗೆ ಐದೂವರೆಗೆ ಮನೆಯ ಹಿಂದಿನ ಖಾಲಿ ಸೈಟಿಗೆ ಮರಿಯನ್ನು ಕರೆದೊಯ್ದು ಎದುರು ನಿಲ್ಲುತ್ತಿದ್ದೆ. "ತಡಿ" ಎಂದರೆ ಬಾಯಿಂದ ಬರುತ್ತಿದ್ದದ್ದು ಕಂಡಕ್ಟರನ ದನಿ. ಸಾವಕಾಶವಾಗಿ ಹೇಳಿದರೆ ಮೇಷ್ಟ್ರ ದನಿ. ಮೊಬೈಲಿನಲ್ಲಿ ರೆಕಾರ್ಡು ಮಾಡಿ ಕೇಳಿದೆ. ಅದರಲ್ಲಿ ಯಾರೋ ಸಾಲ ಕೇಳಲು ಬಂದವನ ಹಾಗೆ ಮಾತಾಡುತ್ತಿದ್ದ. ಇದೇ ನನ್ನದಿರಬೇಕು ಎಂದುಕೊಂಡೆ. ಇಷ್ಟು ಬಡ ದನಿಯನ್ನು ನಾಯಿ ಯಾಕಾದರೂ ಕೇಳಬೇಕು? ಆದರೂ ಅದನ್ನೇ ಬಳಸಿದೆ. ದಿನಾ ಅದೇ ಮಾತು, ಅದೇ ಏರಿಳಿತ. ಗದರಿಸುವುದಿಲ್ಲ, ಮುದ್ದು ಮಾಡುವುದಿಲ್ಲ. ಎಷ್ಟೇ ಚಪಲ ಬಂದರೂ ಬೇರೆ ಬಣ್ಣ ಹಚ್ಚುವುದಿಲ್ಲ.

ಮೊದಲ ವಾರ ಮರಿ ಎರಡು ಎಣಿಸುವಷ್ಟು ಹೊತ್ತು ತಡೆಯಿತು. ತಡೆದಾಗ ಹತ್ತಿರ ಹೋಗಿ ತಲೆ ಮುಟ್ಟಿ ಮಂಡಕ್ಕಿ ಕೊಡುತ್ತಿದ್ದೆ. ತಲೆ ಮುಟ್ಟಿದರೆ "ಇನ್ನು ಸಾಕು, ಏಳಬಹುದು" ಎಂದು ಅರ್ಥ. ಅದಕ್ಕೆ ಬಾಯಿಮಾತು ಇಟ್ಟಿರಲಿಲ್ಲ. ಹದಿನೈದು ದಿನಕ್ಕೆ ಹತ್ತು ಎಣಿಸುವಷ್ಟು. ಮಧ್ಯೆ ಹಲ್ಲು ಬಲಿತು ನನ್ನ ಎರಡು ಚಪ್ಪಲಿ, ಅಪ್ಪಾಜಿಯ ಒಂದು ಬಿಲ್ ಬುಕ್ಕು, ಮೇಷ್ಟ್ರ ಮನೆಯ ಕಾಲೊರಸು ಹೋದವು. ಅಪ್ಪಾಜಿ ಬಿಲ್ ಬುಕ್ಕಿನ ಉಳಿದ ಅರ್ಧವನ್ನು ನನ್ನ ತಟ್ಟೆಯ ಪಕ್ಕ ಇಟ್ಟು ಹೋದರು. ಬೇಸಿಗೆಯಲ್ಲಿ ಮರಿ ಕಲಿತದ್ದನ್ನೆಲ್ಲ ಒಂದೇ ವಾರದಲ್ಲಿ ಮರೆಯಿತು. ಬೆದೆಯ ನಾಯಿಯೊಂದು ಓಣಿಯಲ್ಲಿ ತಿರುಗುತ್ತಿತ್ತು. ವಯಸ್ಸಿಗೆ ಬಂದ ನಾಯಿಗೆ "ತಡಿ" ಎನ್ನುವುದರ ಕಷ್ಟ ನನಗೂ ತಿಳಿಯುತ್ತದೆ. ಆದರೂ ಎರಡು ಎಣಿಸುವುದರಿಂದ ಮತ್ತೆ ಶುರುಮಾಡಿದೆ. ನಿದ್ದೆ, ಜ್ವರ, ಮದುವೆ ಮನೆ, ಯಾವ ನೆಪಕ್ಕೂ ಒಂದು ದಿನ ಬಿಡಲಿಲ್ಲ. ನನ್ನಂಥ ಸೋಮಾರಿ ಇದನ್ನು ಮಾಡಿದನೇ ಎಂದು ನನಗೇ ಈಗ ಅನುಮಾನ ಬರುತ್ತದೆ.

ಮುಂಗಾರು ಹಿಡಿಯುವ ಹೊತ್ತಿಗೆ ಖಾಲಿ ಸೈಟಿನಲ್ಲಿ ಮರಿ ಐದು ನಿಮಿಷ ಕೂಡುತ್ತಿತ್ತು. ಆದರೆ ಖಾಲಿ ಸೈಟಿನಲ್ಲಿ ಹೋಳಿಗೆ ಇರುವುದಿಲ್ಲ. ಎದುರಿಗೆ ಎಲೆ ಹಾಕಿಕೊಂಡು ಯಾರಾದರೂ ಉಣ್ಣಬೇಕಿತ್ತು. ಗೆಳೆಯರು ಬಂದರೆ ಮರಿಗಿಂತ ಮೊದಲು ಅವರೇ ಎಲೆ ಎಳೆಯುತ್ತಾರೆ. ಅಮ್ಮ, "ನನಗ ಕೆಲಸ ಐತೆ" ಎಂದಳು. ಪಡಸಾಲೆಯ ಮೂಲೆಯಿಂದ ಅಜ್ಜಿ ಕೇಳಿದಳು:

"ಅಯ್ಯನೋರ ಜಾಗದಾಗ ನಾನು ಕುಂತ್ರ ನಡೀತೈತೇನು?"

ನಾನು ತಿರುಗಿ ಅವಳನ್ನೇ ನೋಡಿದೆ.

"ಏನ್ ಬಾಯಿ ತಕ್ಕಂಡು ನೋಡ್ತಿ? ನನ್ನ ದನಿ ತೆಗೆದು ಅದನ್ನ ಗಾಲಿ ಕೆಳಗ ಕಳಿಸಿದ್ಯಲ್ಲ. ಆ ಪಾಪದಾಗ ನನಗೂ ಅರ್ಧ ಐತೆ. ಎಲಿ ಹಾಕು."

ಅವತ್ತಿನಿಂದ ಪ್ರತಿ ಸೋಮವಾರ ಮಧ್ಯಾಹ್ನ ಅಜ್ಜಿ ಪಡಸಾಲೆಯಲ್ಲಿ ಮಣೆಯ ಮೇಲೆ ಕೂತು ಬಾಳೆಎಲೆಯಲ್ಲಿ ಊಟ ಮಾಡತೊಡಗಿದಳು. ಮರಿ ಹೊಸ್ತಿಲ ಹೊರಗೆ, ಅದರ ಪಕ್ಕದಲ್ಲಿ ನಾನು. ಮೊದಲ ಸೋಮವಾರ ಅದು ಎದ್ದು ಒಳಗೆ ಬಂತು. ಎರಡನೆಯ ಸೋಮವಾರವೂ ಬಂತು. ಅಜ್ಜಿ ಎಲೆಯನ್ನು ಎತ್ತಿ ಹಿಡಿದು, "ನಿನ್ನ ಶಿಷ್ಯ ಪಾದಪೂಜಿಗೆ ಬಂದಾನ ನೋಡು" ಎನ್ನುತ್ತಿದ್ದಳು. ಬೇಕೆಂದೇ ಹಪ್ಪಳ ಕಟಕಟ ಎನ್ನಿಸುತ್ತಿದ್ದಳು, ಬೇಕೆಂದೇ ಹೋಳಿಗೆಯನ್ನು ಗಾಳಿಯಲ್ಲಿ ಆಡಿಸುತ್ತಿದ್ದಳು. ನಾಲ್ಕನೆಯ ಸೋಮವಾರ ನಾನು ಒಂದೇ ಸಲ "ತಡಿ" ಎಂದೆ. ಅಜ್ಜಿ ಮಜ್ಜಿಗೆ ಕುಡಿದು ಏಳುವ ತನಕ ಮರಿಯ ಮೂಗು ಹೊಸ್ತಿಲು ದಾಟಲಿಲ್ಲ. ಎದ್ದ ಅಜ್ಜಿ ಆಶೀರ್ವಾದದ ಕೈ ಎತ್ತಿದಳು. ಯಾರಿಗೆ ಎಂದು ಕೇಳಿದೆ. "ನಾಯಿಗೆ" ಎಂದಳು.

ಶ್ರಾವಣದ ಸೋಮವಾರ ಬಂತು. ಮಾವ ಹರಿಹರದಿಂದ ಬೆಳಿಗ್ಗೆಯೇ ಬಂದಿದ್ದ. ಕಾರಿನ ಹಿಂದಿನ ಸೀಟಿನ ಮೇಲೆ ಹೊಸ ಸರಪಳಿ ಇತ್ತು. "ನಿಮ್ಮ ಅಪ್ಪಾಜಿ ಹೇಳ್ಯಾರ, ತಂದೀನಿ. ನನ್ನ ಮೇಲೆ ಸಿಟ್ಟಾಗಬ್ಯಾಡ" ಎಂದ.

ಐದು ಜನ ಅಯ್ಯನವರೂ ಬಂದರು. ಬಡಿಸುವ ಕೆಲಸ ನನ್ನದು. ಸ್ನಾನ ಮಾಡಿ ಮಡಿ ಪಂಚೆ ಉಟ್ಟು ತುಪ್ಪದ ಗಿಂಡಿ ಹಿಡಿದಿದ್ದೆ. ಮರಿಯ ಪಕ್ಕದಲ್ಲಿ ನಿಲ್ಲುವಂತಿಲ್ಲ, ಮುಟ್ಟುವಂತಿಲ್ಲ. ಆರು ತಿಂಗಳಲ್ಲಿ ನಾನು ಯೋಚಿಸದೇ ಇದ್ದದ್ದು ಇದೊಂದೇ. ಪಡಸಾಲೆಯ ನಡುವಿನಿಂದಲೇ ಹೊಸ್ತಿಲ ಕಡೆ ನೋಡಿ "ತಡಿ" ಎಂದೆ. ಆ ಸಾಲ ಕೇಳುವ ದನಿಯಲ್ಲೇ ಎಂದೆ. ಮರಿ ಕೂತಿತು.

ಹೋಳಿಗೆ ಬಡಿಸಿದೆ, ತುಪ್ಪ ಬಡಿಸಿದೆ. ಪ್ರತಿ ಎಲೆಗೂ ಬಗ್ಗಿದಾಗ ನನ್ನ ಬೆನ್ನು ಬಾಗಿಲಿಗೆ. ಕೋಸಂಬರಿ ಮುಗಿಯಿತು, ಅನ್ನ ಸಾರು ಬಂತು. ಎರಡನೆಯ ಸಲ ತುಪ್ಪ ಹಿಡಿದು ತಿರುಗಿದಾಗ ಅದು ಅಲ್ಲೇ ಇತ್ತು. ಎದೆ ನೆಲಕ್ಕೆ ಒತ್ತಿ, ಬಾಯಿಂದ ಜೊಲ್ಲು ಸುರಿಸುತ್ತ, ನನ್ನನ್ನೇ ನೋಡುತ್ತಿತ್ತು.

ಆಗ ಹಿರಿಯ ಅಯ್ಯನವರು ಕೈ ನಿಲ್ಲಿಸಿದರು. "ಇದು ಹೋದ ವರ್ಷದ ಕಳ್ಳ ಅಲ್ಲೇನ್ರಿ? ಎಷ್ಟು ಶಾಣ್ಯಾ ಆಗೈತೆ!" ಎಂದವರೇ ತಮ್ಮ ಎಲೆಯ ಹೋಳಿಗೆಯಲ್ಲಿ ಅರ್ಧ ಮುರಿದು ಹೊಸ್ತಿಲ ಕಡೆ ಎಸೆದರು. ಅದು ಮರಿಯ ಮುಂಗಾಲಿನ ಹತ್ತಿರವೇ ಬಿತ್ತು. "ತಗೋಪಾ ತಮ್ಮಾ, ತಗೋ."

ಮರಿ ಅಲುಗಲಿಲ್ಲ. ಹೋಳಿಗೆ ನೋಡಿತು, ನನ್ನನ್ನು ನೋಡಿತು.

"ಯಾಕ, ಒಲ್ಲೆ ಅಂತೈತೇನು?" ಎಂದರು ಅಯ್ಯನವರು. ಅವರ ಕೈ ಎಲೆಯ ಮೇಲೆ ಹಾಗೇ ನಿಂತಿತ್ತು. ಉಳಿದ ನಾಲ್ವರ ಕೈಯೂ ನಿಂತಿತು. ಅಯ್ಯನವರು ಕೈಯಾರೆ ಕೊಟ್ಟದ್ದನ್ನು ನಮ್ಮ ಮನೆಯ ನಾಯಿ ಮುಟ್ಟುತ್ತಿಲ್ಲ.

ಅಪ್ಪಾಜಿ ನನ್ನ ಬೆನ್ನ ಹಿಂದೆ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. "ತಿನ್ನಾಕ ಹೇಳಲೇ! ಪ್ರಸಾದ ಅದು!"

"ಹೇಳಿದ್ರ ತಿಳಿಯಂಗಿಲ್ಲ ಅಪ್ಪಾಜಿ. ತಲಿ ಮುಟ್ಟಬೇಕು."

"ಮಡಿಯಾಗಿದ್ದೀಯಲ್ಲಲೇ!"

ಮರಿ ನಡುಗುತ್ತಿತ್ತು. ಇನ್ನು ಅರ್ಧ ನಿಮಿಷ ಬಿಟ್ಟರೆ ಅದು ತಾನೇ ಎದ್ದು ತಿಂದುಬಿಡಬಹುದು, ಎಲ್ಲರೂ ನಕ್ಕು ಮುಗಿಯಬಹುದು. ಆದರೆ ಆರು ತಿಂಗಳು ನಾನು ಹೇಳಿದ ಮಾತನ್ನು ಅದು ಸುಳ್ಳು ಮಾಡುವಂತೆ ನಾನೇ ಮಾಡಿದ ಹಾಗಾಗುತ್ತಿತ್ತು. ತುಪ್ಪದ ಗಿಂಡಿಯನ್ನು ಅಪ್ಪಾಜಿಯ ಕೈಗೆ ಕೊಟ್ಟೆ. ಪಂಚೆ ಎತ್ತಿ ಹಿಡಿದು ಹೊಸ್ತಿಲು ದಾಟಿ, ಮರಿಯ ತಲೆಯ ಮೇಲೆ ಕೈ ಇಟ್ಟೆ.

ಹೋಳಿಗೆ ಒಂದೇ ಗುಕ್ಕಿಗೆ ಹೋಯಿತು. ಅಯ್ಯನವರು ಗಹಗಹಿಸಿ ನಕ್ಕು ಮುಂದಿನ ತುತ್ತು ಎತ್ತಿದರು. ಪಂಕ್ತಿ ಮತ್ತೆ ನಡೆಯಿತು.

ಅಜ್ಜಿ ನನ್ನನ್ನು ನೇರ ಹಿತ್ತಲ ಬಚ್ಚಲಿಗೆ ಅಟ್ಟಿದಳು. ಮಡಿ ಕೆಟ್ಟವನು ಒಳಗೆ ಕಾಲಿಡುವಂತಿರಲಿಲ್ಲ. ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತ ಕಿವಿ ಹೊರಗೆ ಇಟ್ಟಿದ್ದೆ. "ಇನ್ನೊಂದು ಚೂರು ತುಪ್ಪ, ಬುದ್ದಿ" ಎಂದು ಅಪ್ಪಾಜಿ ನನ್ನ ಬದಲು ಬಡಿಸುವುದು ಕೇಳಿಸುತ್ತಿತ್ತು. ಆಮೇಲೆ ಹಿತ್ತಲಲ್ಲಿ, ಬಚ್ಚಲ ಗೋಡೆಯ ಆಚೆ, ಮಾವನ ದನಿ:

"ಭಾವ, ನಾನು ಊಟ ಮಾಡಿ ಹೊರಡ್ಲೋ, ನಾಯಿ ಕಟ್ಕಂಡೇ ಊಟ ಮಾಡ್ಲೋ?"

"ಯಾವ ನಾಯಿ?" ಎಂದರು ಅಪ್ಪಾಜಿ. ಆಮೇಲೆ ಬಚ್ಚಲ ಬಾಗಿಲು ಬಡಿದರು.

"ಲೇ, ಕೇಳಿಸ್ತೈತೇನು? ನಾಳೆ ಬೆಳಿಗ್ಗಿಂದ ಅದಕ್ಕ ಬಾಯಿಮಾತಿನಾಗ ಎಬ್ಬಿಸೋದು ಕಲಿಸು. ಪ್ರತಿ ವರ್ಷ ನೀನು ಎರಡೆರಡು ಸಲ ಜಳಕ ಮಾಡ್ಕಂತ ಕುಂತ್ರ ಇಲ್ಲಿ ಬಡಿಸೋರು ಯಾರು?"

"ಆತು ಅಪ್ಪಾಜಿ" ಎಂದೆ ಒಳಗಿನಿಂದ. ಹಲ್ಲು ಚಳಿಗೆ ಕಟಕಟ ಎನ್ನುತ್ತಿದ್ದವು. ಯಾವ ಮಾತು ಇಡಲಿ ಎಂದು ಆಗಲೇ ಯೋಚಿಸುತ್ತಿದ್ದೆ.